ದಪ್ಪ ಕಾಗದದ ಎರಡು ಗಂಟೆ

ಆಕೆಗೆ ಗಡಿಯಾರಮ್ಮ ಎಂದು ಹೆಸರಿಟ್ಟವನು ನಾನು. ಕೈಗೆ ಗಡಿಯಾರ ಕಟ್ಟದ, ಗೋಡೆಯ ಗಡಿಯಾರದ ಕಡೆಗೂ ಅಪರೂಪಕ್ಕೆ ಕತ್ತೆತ್ತುವ ಹೆಂಗಸಿಗೆ ಇದೆಂಥ ಹೆಸರು ಎಂದು ಹೊಸಬರು ನಗುತ್ತಿದ್ದರು. ಎರಡು ದಿನ ಆಕೆಯ ಕೆಲಸ ನೋಡಿದ ಮೇಲೆ ನಗುವುದನ್ನು ಬಿಡುತ್ತಿದ್ದರು. ಆ ಹೆಸರನ್ನು ಆಕೆಯಿಂದ ಕಿತ್ತುಕೊಂಡವನೂ ನಾನೇ. ಅದನ್ನು ಹೇಳಲು ಇಷ್ಟು ವರ್ಷ ನಾಲಿಗೆ ಹೊರಳಲಿಲ್ಲ.

ನಾವು ಕೆಲಸ ಮಾಡುತ್ತಿದ್ದದ್ದು ಅಂಚೆ ಕಚೇರಿಯ ಎದುರು ಓಣಿಯಲ್ಲಿದ್ದ ಫೋಟೋ ಸ್ಟುಡಿಯೋದಲ್ಲಿ. ಮುಂದುಗಡೆ ಯಜಮಾನರ ಮೇಜು, ಅದರ ಹಿಂದೆ ದೀಪಗಳನ್ನು ನಿಲ್ಲಿಸಿದ ಕೋಣೆ, ಅದಕ್ಕೂ ಹಿಂದೆ ಕಪ್ಪು ಪರದೆ ಎಳೆದ ನನ್ನ ಕತ್ತಲೆ ಕೋಣೆ. ಕಟ್ಟಕಡೆಯದು ತೊಳೆಯುವ ಕೋಣೆ. ಅಲ್ಲಿ ಸಿಮೆಂಟಿನ ಎರಡು ತೊಟ್ಟಿ, ಸದಾ ಸೋರುವ ಒಂದು ನಲ್ಲಿ, ಗೋಡೆಯಿಂದ ಗೋಡೆಗೆ ಎಳೆದ ತಂತಿ, ತಂತಿಯ ಮೇಲೆ ಸಾಲಾಗಿ ಕೂತ ಕ್ಲಿಪ್ಪುಗಳು. ಪ್ರಿಂಟು ಹಾಕುವವನು ನಾನು, ಅದನ್ನು ತೊಳೆಯುವವಳು ಆಕೆ.

ಫೋಟೋ ತೊಳೆಯುವುದು ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಾಗದದ ಮೇಲೆ ಚಿತ್ರ ಮೂಡಿದ ಮೇಲೆ ಅದನ್ನು ಹೈಪೋ ಎಂಬ ಉಪ್ಪು ಕರಗಿಸಿದ ನೀರಿನಲ್ಲಿ ಅದ್ದುತ್ತಿದ್ದೆವು. ಅದು ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ. ಆಮೇಲೆ ಬೆಳಕು ಬಿದ್ದರೂ ಕಾಗದ ಕಪ್ಪಾಗುವುದಿಲ್ಲ. ಆದರೆ ಕೆಲಸ ಮುಗಿಸಿದ ಹೈಪೋ ತಾನಾಗಿ ಎದ್ದು ಹೋಗುವ ಜಾತಿಯದಲ್ಲ. ಬೇಡವಾದ ನೆಂಟನ ಹಾಗೆ ಕಾಗದದ ನಾರಿನೊಳಗೆ ಕಾಲು ಚಾಚಿ ಕೂತಿರುತ್ತದೆ. ಅದನ್ನು ಬರೀ ನೀರಿನಿಂದ ಹೊರಗೆಳೆಯಬೇಕು. ಉಳಿದುಕೊಂಡರೆ ಇವತ್ತು ಗೊತ್ತಾಗದು, ಮುಂದಿನ ತಿಂಗಳೂ ಗೊತ್ತಾಗದು. ಎರಡು ಮೂರು ವರ್ಷ ಕಳೆದ ಮೇಲೆ ಹಣೆಯ ಮೇಲೊಂದು ಕಂದು ಮಚ್ಚೆ ಏಳುತ್ತದೆ, ಆಮೇಲೆ ಕಣ್ಣು ಮೂಗು ಒಂದೊಂದಾಗಿ ಮಾಸುತ್ತವೆ. ಒಳಗೆ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣದ ಕಾರಣ, ಎಷ್ಟು ಹೊತ್ತಿಗೆ ಹೊರಟುಹೋಗುತ್ತದೆ ಎಂದು ಮುಂಚೆಯೇ ಅಂದಾಜು ಹಾಕಬೇಕು. ತೊಳೆಯುವವರ ಹೆಚ್ಚುಗಾರಿಕೆ ಇರುವುದೆಲ್ಲ ಆ ಅಂದಾಜಿನಲ್ಲಿ.

ಆಕೆ ಮೊಣಕೈಯನ್ನು ತೊಟ್ಟಿಯಲ್ಲಿ ಅದ್ದಿ ನೀರಿನ ತಂಪು ನೋಡುತ್ತಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದ ಹಿಡಿದು ದಪ್ಪ ನೋಡುತ್ತಿದ್ದಳು. ಪ್ರಿಂಟುಗಳನ್ನು ಎಣಿಸಿ, ಇದಕ್ಕೆ ಮೂವತ್ತೈದು ನಿಮಿಷ, ಇದಕ್ಕೆ ನಲವತ್ತು, ಇವತ್ತು ಚಳಿ ಇದೆ, ಇನ್ನೈದು ಸೇರಿಸಿ ಎನ್ನುತ್ತಿದ್ದಳು. ಪರೀಕ್ಷೆಗೆ ನೇರಳೆ ಪುಡಿಯ ನೀರಿನ ಒಂದು ಸೀಸೆ ಇತ್ತು. ತೊಳೆದ ನೀರಿಗೆ ಅದರ ಎರಡು ಹನಿ ಬಿಟ್ಟರೆ, ಹೈಪೋ ಇದ್ದಲ್ಲಿ ನೇರಳೆ ಬಣ್ಣ ಕೆಟ್ಟು ಕಂದಾಗುತ್ತದೆ; ಇಲ್ಲದಿದ್ದರೆ ನೇರಳೆಯಾಗಿಯೇ ನಿಲ್ಲುತ್ತದೆ. ಆಕೆ ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಹನಿ ಬಿಟ್ಟರೆ ಕಂದು, ಹೇಳಿದ ಹೊತ್ತಿಗೆ ಬಿಟ್ಟರೆ ನೇರಳೆ. ಯಜಮಾನರು ಬೇಕೆಂದೇ ನಾಲ್ಕು ಸಲ ಕೆಣಕಿ ನೋಡಿ, ಐದನೆಯ ಸಲ ಕೈಮುಗಿದು ಮುಂಬಾಗಿಲಿಗೆ ಹೋದರು. ಒಪ್ಪಿಗೆಯಾದ ಪ್ರತಿ ಪ್ರಿಂಟಿನ ಬೆನ್ನಿಗೆ, ಕೆಳಗಿನ ಮೂಲೆಯಲ್ಲಿ, ಆಕೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತಿದ್ದಳು. ಹೆಚ್ಚು ಓದು ಬಾರದವಳ ರುಜು ಅದು.

ನನಗೂ ಓದು ನಾಲ್ಕನೆಯ ತರಗತಿಗೇ ಮುಗಿದಿತ್ತು. ಆದರೆ ನಾನು ಸುಮ್ಮನೆ ಕೂತವನಲ್ಲ. ರದ್ದಿ ಅಂಗಡಿಯಿಂದ ಹೆಕ್ಕಿ ತಂದ ಪುಸ್ತಕಗಳಿಂದ ಭಿನ್ನರಾಶಿ, ಪ್ರಮಾಣ, ಬಡ್ಡಿ ಎಲ್ಲ ನಾನೇ ಕಲಿತೆ. ಕತ್ತಲೆ ಕೋಣೆಯ ಗೋಡೆ ತುಂಬ ನನ್ನ ಸೀಮೆಸುಣ್ಣದ ಲೆಕ್ಕ. ಹತ್ತನೆಯವರೆಗೆ ಓದಿದ ಯಜಮಾನರೇ ನನ್ನ ಹತ್ತಿರ ಗುಣಾಕಾರ ಮಾಡಿಸಿಕೊಂಡು ಹೋಗುವಾಗ ನನ್ನ ಎದೆ ಒಂದು ಮೊಳ ಉಬ್ಬುತ್ತಿತ್ತು. ಇಂಥವನಿಗೆ, ತೊಟ್ಟಿಗೆ ಮೊಣಕೈ ಅದ್ದುವ ಹೆಂಗಸೊಬ್ಬಳು ಲೆಕ್ಕ ಹೇಳಿಕೊಟ್ಟರೆ ಹೇಗಿರುತ್ತದೆ?

ಜಗಳ ಹುಟ್ಟಿದ್ದು ದಪ್ಪ ಕಾಗದ ಬಂದಾಗ. ನಾವು ದಿನಾ ಬಳಸುವ ತೆಳು ಕಾಗದಕ್ಕೆ ಅರ್ಧ ಗಂಟೆ ಸಾಕು. ಹೊಸದು ಅದರ ಎರಡರಷ್ಟು ದಪ್ಪ. ದಪ್ಪ ಎರಡಾದರೆ ಹೊತ್ತೂ ಎರಡು, ಅಲ್ಲಿಗೆ ಒಂದು ಗಂಟೆ ಎಂದು ನಾನು ಗೋಡೆಯ ಮೇಲೆ ಬರೆದು ಗೆರೆ ಎಳೆದೆ. ಆಕೆ ಅಲ್ಲ ಎಂದಳು. ಎರಡು ಗಂಟೆ ಬೇಕು, ದಪ್ಪ ಎರಡಾದರೆ ಹೊತ್ತು ನಾಲ್ಕು ಎಂದಳು. ಉಪ್ಪಿನಲ್ಲಿಟ್ಟ ತರಕಾರಿ ಹೋಳಿನ ಉಪ್ಪು ಬಿಡಿಸುವಾಗ ಇದನ್ನು ಎಷ್ಟೋ ಸಲ ನೋಡಿದ್ದಾಳಂತೆ. ನಾನು ಮೂಗು ಮುರಿದೆ. ಆಗ ಆಕೆ ಕೈ ಒರೆಸಿಕೊಂಡು ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ.

"ಅಂಬೆಗಾಲಿಡೋ ಕೂಸನ್ನ ಕೋಣೆ ನಡುವೆ ಬಿಟ್ಟು ನೋಡಿದೀರಾ ಅಣ್ಣಾ? ನೆಟ್ಟಗೆ ಬಾಗಿಲಿಗೆ ಬರುತ್ತಾ? ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ, ಮಂಚದ ಕೆಳಗೆ, ಮತ್ತೆ ಹೊರಟ ಜಾಗಕ್ಕೆ. ಹಂಗೇ ಅಲೀತಾ ಅಲೀತಾ ಹೊಸ್ತಿಲು ಮುಟ್ಟುತ್ತೆ. ಕೋಣೆ ಎರಡರಷ್ಟಾದ್ರೆ ಅದು ಅಲಿಯೋದು ನಾಲ್ಕರಷ್ಟು. ಉಪ್ಪೂ ಹಂಗೇ. ಇನ್ನು ಹೊಸ್ತಿಲಲ್ಲಿ ಎತ್ಕೊಳ್ಳೋರು ಇರ್ಬೇಕು. ನೀರು ಬದಲಾಯಿಸದೇ ಇದ್ರೆ ತಿರುಗಿ ಒಳಗೇ ಹೋಗುತ್ತೆ."

ತಂಗಿಯ ಇಬ್ಬರು ಮಕ್ಕಳನ್ನೂ ತನ್ನ ಒಬ್ಬಳೇ ಮಗಳನ್ನೂ ಸಾಕಿದವಳಿಗೆ ಕೂಸು ನೆನಪಾದದ್ದು ಸಹಜ. ಉಪ್ಪಿಗೆ ಕೈಕಾಲು ಯಾವಾಗ ಬಂತು ಎಂದು ನಾನು ಗೇಲಿ ಮಾಡಿದೆ. ಯಜಮಾನರು ನಕ್ಕರು, ಆದರೆ ಎರಡು ಗಂಟೆಯೇ ಇರಲಿ ಎಂದು ತೀರ್ಪು ಕೊಟ್ಟರು. ಆ ನಗುವಿಗಿಂತ ಆ ತೀರ್ಪು ನನ್ನನ್ನು ಹೆಚ್ಚು ಕುಟುಕಿತು.

ಅದೇ ವರ್ಷ ನೂಲಿನ ಗಿರಣಿ ಮುಚ್ಚಿತು. ನೇಯ್ಗೆ ವಿಭಾಗದ ಮೂವತ್ತೆರಡು ಜನ ಕೊನೆಯ ದಿನ ಮಗ್ಗಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟುಕೊಳ್ಳುವಂತೆ ಒಬ್ಬೊಬ್ಬರಿಗೂ ದಪ್ಪ ಕಾಗದದ ದೊಡ್ಡ ಪ್ರಿಂಟು ಬೇಕಿತ್ತು. ಮರುದಿನ ಸಂಜೆಗೆ ದಿಕ್ಕಿಗೊಬ್ಬರು ಚದುರಿಹೋಗುವವರು, ಅಷ್ಟರೊಳಗೆ ಕೊಡಬೇಕು. ಮೊದಲ ಹದಿನಾರನ್ನು ಆಕೆ ಬೆಳಿಗ್ಗೆ ಎಂಟಕ್ಕೇ ತೊಟ್ಟಿಗೆ ಹಾಕಿ, ಎರಡು ಗಂಟೆ ತುಂಬಿಸಿ, ಹನಿ ಬಿಟ್ಟು ನೋಡಿ, ತಂತಿಗೆ ಏರಿಸಿದಳು. ಎರಡನೆಯ ಹದಿನಾರು ನನ್ನ ಕೈಯಲ್ಲಿರುವಾಗ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತ ಬಂದಳು. ಗಡಿಯಾರಮ್ಮನ ಮಗಳು ಶಾಲೆಯ ಮೆಟ್ಟಿಲಿನಿಂದ ಉರುಳಿ ಮೊಣಕಾಲು ಒಡೆದುಕೊಂಡಿದ್ದಾಳೆ, ಹೊಲಿಗೆ ಹಾಕಿಸಬೇಕಂತೆ. ಆಗ ಹತ್ತೂ ಕಾಲು. ಆಕೆ ಹೊರಡುವಾಗ ಪರದೆಯಾಚೆಯಿಂದ, ಎರಡು ಗಂಟೆ ಬಿಡಿ ಅಣ್ಣಾ, ಆಮೇಲೆ ಹತ್ತು ನಿಮಿಷ ನಿಂತ ನೀರಲ್ಲಿ ಇಟ್ಟು ಹನಿ ನೋಡಿ ಎಂದು ಹೇಳಿಯೇ ಹೋದಳು.

ನಾನು ಪ್ರಿಂಟು ಮುಗಿಸಿ ತೊಟ್ಟಿಗೆ ಹಾಕುವಾಗ ಹನ್ನೊಂದು ಗಂಟೆ ಹತ್ತು ನಿಮಿಷ. ಹನ್ನೆರಡೂ ಕಾಲಿಗೆ ಎತ್ತಿದೆ. ನನ್ನ ಲೆಕ್ಕದ ಒಂದು ಗಂಟೆ, ಮೇಲೆ ಐದು ನಿಮಿಷ ದಾನ. ಎತ್ತಿದ ಕೂಡಲೇ ಅಂಚಿನಿಂದ ತೊಟ್ಟಿಕ್ಕಿದ ನೀರಿಗೆ ಹನಿ ಬಿಟ್ಟೆ. ನೇರಳೆ, ನೇರಳೆಯಾಗಿಯೇ ನಿಂತಿತು. ಒಬ್ಬನೇ ಇದ್ದವನು ಮೀಸೆ ತಿರುವಿಕೊಂಡೆ. ಗಡಿಬಿಡಿ ಇತ್ತು ನಿಜ. ಆದರೆ ಗಡಿಬಿಡಿಯ ನೆಪ ಹೇಳಿ ತಪ್ಪಿಸಿಕೊಳ್ಳಲಾರೆ. ಸಂಜೆಯವರೆಗೆ ಬೇಕಾದಷ್ಟು ಹೊತ್ತಿತ್ತು. ನನಗೆ ಬೇಕಾಗಿದ್ದದ್ದು ಆಕೆಯ ನಾಲ್ಕು ಸುಳ್ಳು, ನನ್ನ ಎರಡು ಸರಿ ಎಂದು ತೋರಿಸುವುದು.

ಆಕೆ ಒಂದು ಗಂಟೆಗೆ ಬಂದಳು. ಮುಖ ಬಾಡಿತ್ತು, ಸೀರೆಯ ಸೆರಗಿಗೆ ಮಗುವಿನ ರಕ್ತ ಹತ್ತಿತ್ತು. ಮಗಳನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಬಂದಿದ್ದಳು, ಬೇಗ ಹಿಂದಿರುಗಬೇಕಿತ್ತು. ತಂತಿಯ ಮೇಲಿನ ಹದಿನಾರನ್ನು ನೋಡಿ, "ಎರಡು ಗಂಟೆ ತುಂಬ್ತಾ ಅಣ್ಣಾ?" ಎಂದಳು.

"ತುಂಬ್ತು" ಎಂದೆ.

ಅಷ್ಟೇ. ಒಂದೇ ಒಂದು ಮಾತು. ಆಮೇಲೆ ಎಂದಾದರೂ ನಗುತ್ತ ನಿಜ ಹೇಳಿ ಆಕೆಯನ್ನು ಸೋಲಿಸಬೇಕು ಎಂದುಕೊಂಡಿದ್ದೆ. ಆಕೆ ನನ್ನ ಮುಖವನ್ನೂ ನೋಡದೆ, ಪೆನ್ಸಿಲು ತೆಗೆದು, ಹದಿನಾರರ ಬೆನ್ನಿಗೂ ಚುಕ್ಕಿ ಇಟ್ಟು ಓಡಿದಳು. ನಗುತ್ತ ಹೇಳುವ ದಿನ ಬರಲೇ ಇಲ್ಲ. ಮಗಳ ಗಾಯ ಕೀವಾಯಿತು, ಆಕೆ ಹದಿನೈದು ದಿನ ಒದ್ದಾಡಿದಳು, ನನಗೂ ಆ ವಿಷಯ ಮರೆತಂತಾಯಿತು.

ಮೂರು ವರ್ಷಕ್ಕೆ ಗಿರಣಿಯವನೊಬ್ಬ ಕಟ್ಟು ಹಾಕಿಸಿದ ಫೋಟೋ ಹಿಡಿದು ಬಂದ. ಮಗ್ಗಗಳು ಕಂದು ಹೊಗೆಯಲ್ಲಿ ಮುಳುಗಿದಂತಿದ್ದವು. ಅವನ ಪಕ್ಕ ನಿಂತಿದ್ದ ಅಣ್ಣ ಆ ಹೊತ್ತಿಗೆ ಸತ್ತಿದ್ದ, ಆ ಅಣ್ಣನ ಮುಖ ಇರಬೇಕಾದ ಕಡೆ ಹಳದಿ ಬೊಟ್ಟೊಂದೇ ಉಳಿದಿತ್ತು. ತಿಂಗಳೊಳಗೆ ಇನ್ನೂ ಆರು ಜನ ಬಂದರು. ಉಳಿದ ಕೆಲವರ ಪ್ರಿಂಟುಗಳನ್ನು ಯಜಮಾನರೇ ಹೋಗಿ ಕೇಳಿ ತಂದರು. ಅವು ಹೊಸದಾಗಿಯೇ ಇದ್ದವು. ಕೆಟ್ಟದ್ದನ್ನೂ ಒಳ್ಳೆಯದನ್ನೂ ಮೇಜಿನ ಮೇಲೆ ಮಗುಚಿ ಇಟ್ಟರು. ಎಲ್ಲದರ ಬೆನ್ನಿಗೂ ಅದೇ ಚುಕ್ಕಿ.

ನಾನು ಪರದೆಯ ಹಿಂದಿದ್ದೆ. ಯಜಮಾನರು ದನಿ ಏರಿಸಲಿಲ್ಲ. ಇದು ಯಾರ ಗುರುತು ಎಂದರು. ನನ್ನದೇ ಎಂದಳು. ಎರಡನೆಯ ಕಂತಿನ ಹನಿ ನೀನೇ ನೋಡಿದೆಯಾ ಎಂದರು. ಇಲ್ಲ, ಅವತ್ತು ಮಗಳಿಗೆ ಪೆಟ್ಟಾಗಿತ್ತು, ಗಮನ ಇರಲಿಲ್ಲ, ಆದರೆ ಹೊತ್ತು ತುಂಬಿತ್ತು ಎಂದಳು. ಯಾರು ತುಂಬಿಸಿದ್ದು ಎಂದು ಅವರು ಕೇಳಲಿಲ್ಲ, ಆಕೆಯೂ ನನ್ನ ಹೆಸರೆತ್ತಲಿಲ್ಲ. ನನ್ನ ಮಾತನ್ನು ಅನುಮಾನಿಸಬಹುದು ಎಂಬುದು ಆಕೆಗೆ ಹೊಳೆದೇ ಇರಲಿಲ್ಲ. ಎರಡು ಹೆಜ್ಜೆ ಮುಂದಿಟ್ಟು ಪರದೆ ಸರಿಸಿದ್ದರೆ ಮುಗಿಯುತ್ತಿತ್ತು. ನಾನು ಚಿತ್ರ ಮೂಡಿಸುವ ತಟ್ಟೆಯಲ್ಲಿದ್ದ ಪ್ರಿಂಟನ್ನು ಅಲುಗಾಡಿಸುತ್ತ ನಿಂತೆ. ಅಂದು ಹೈಪೋ ಹಳಸಿರಬೇಕು, ಅದಕ್ಕೇ ಕೆಟ್ಟಿರಬೇಕು, ನನ್ನ ಲೆಕ್ಕದಲ್ಲಿ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಟ್ಟೆಯಲ್ಲಿದ್ದ ಪ್ರಿಂಟು ಹೊತ್ತು ಮೀರಿ ಕಪ್ಪಾಗಿಹೋಯಿತು.

ಯಜಮಾನರು ಆಕೆಯನ್ನು ಬಿಡಿಸಲಿಲ್ಲ, ಕಟ್ಟು ಹಾಕುವ ಕೆಲಸಕ್ಕೆ ಕೂರಿಸಿದರು. ಎರಡು ತಿಂಗಳಿಗೆ ಆಕೆ ತಾನಾಗಿ ಬಿಟ್ಟಳು. ಹೋಗುವ ದಿನ ನನ್ನ ಹತ್ತಿರ ಹೇಳಿದ್ದು ಇಷ್ಟು: ಒಂದೇ ಕಾಗದ, ಒಂದೇ ನೀರು, ಅದೇ ಎರಡು ಗಂಟೆ, ಹದಿನಾರು ಉಳೀತು, ಹದಿನಾರು ಹೋಯ್ತು. ಇನ್ನು ಏನನ್ನ ನಂಬೋದು?

ಆಮೇಲೆ ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದಳು. ಅಲ್ಲಿ ಆಕೆಗೆ ಬಿದ್ದ ಹೆಸರು ಇನ್ನೊಂದ್ಸಲ. ಹೊದಿಕೆಯ ಸೋಪು ಬಿಡಿಸಲು ಮೂರು ನೀರು ಸಾಕಾದ ಕಡೆ ಐದು ನೀರು, ಆರು ನೀರು. ಸಾಕು ಬಿಡೇ ಎಂದು ಯಾರಾದರೂ ಅಂದರೆ, ಇನ್ನೊಂದ್ಸಲ ಎನ್ನುವಳಂತೆ. ಮೇಲ್ವಿಚಾರಕಿ ನೀರು ಪೋಲು ಎಂದು ಬೈಯುವಳು, ಜೊತೆಯವರು ಆಡಿಕೊಂಡು ನಗುವರು. ನನಗಿದನ್ನು ಹೇಳಿದವಳು ಅಲ್ಲೇ ಕೆಲಸಕ್ಕಿದ್ದ ನನ್ನ ಅತ್ತಿಗೆ. ಆಕೆ ನಗುತ್ತ ಹೇಳಿದಳು, ನಾನೂ ಹಲ್ಲು ಬಿಟ್ಟೆ. ನೀರು ನೋಡಿ ನಿಮಿಷ ಹೇಳುತ್ತಿದ್ದವಳು, ಎಷ್ಟು ತೊಳೆದರೂ ತೊಳೆದದ್ದಾಯಿತು ಎಂದು ನಂಬಲಾರದವಳಾದಳು. ಅತ್ತಿಗೆಯ ಮುಂದೆ ಬಾಯಿಗೆ ಬಂದ ನಿಜವನ್ನು ನುಂಗಿಕೊಂಡೆ.

ಇಪ್ಪತ್ತಾರು ವರ್ಷ ಹೀಗೇ ನುಂಗಿದೆ. ಸ್ಟುಡಿಯೋ ಮುಚ್ಚಿತು, ಯಜಮಾನರು ತೀರಿಕೊಂಡರು. ನನಗೆ ವಾಚನಾಲಯವೇ ಮನೆಯಾಯಿತು. ಹೋದ ವರ್ಷ ಅಲ್ಲಿನ ವಿಜ್ಞಾನದ ಕಪಾಟಿನಿಂದ ಒಂದು ಪುಸ್ತಕ ತೆಗೆದೆ. ನೀರಿನಲ್ಲಿ ಕರಗಿದ ಪದಾರ್ಥ ಹೇಗೆ ಹರಡುತ್ತದೆ ಎಂಬ ಅಧ್ಯಾಯ ಸಿಕ್ಕಿತು. ಕಣಗಳು ನೆಟ್ಟಗೆ ನಡೆಯುವುದಿಲ್ಲ, ಅತ್ತಿತ್ತ ತಳ್ಳಿಸಿಕೊಂಡು ಗುರಿಯಿಲ್ಲದೆ ಅಲೆಯುತ್ತವೆ. ಆದ್ದರಿಂದ ಎರಡರಷ್ಟು ದೂರ ಹರಡಲು ನಾಲ್ಕರಷ್ಟು ಕಾಲ, ಮೂರರಷ್ಟಕ್ಕೆ ಒಂಬತ್ತರಷ್ಟು. ಹೊರಗಿನ ನೀರು ಹೊಸದಾಗುತ್ತಿದ್ದರೆ ಮಾತ್ರ ಒಳಗಿನದು ಹೊರಡುತ್ತದೆ. ಕೂಸು, ಮಂಚ, ಹೊಸ್ತಿಲು ಎಂಬ ಮಾತುಗಳಷ್ಟೇ ಆ ಪುಟದಲ್ಲಿರಲಿಲ್ಲ. ಕನ್ನಡಕ ತೆಗೆದು ಒರೆಸಿದೆ, ಮತ್ತೆ ಓದಿದೆ. ಅದೇ ಬರೆದಿತ್ತು.

ಆಗಲೂ ನನ್ನ ಬುದ್ಧಿ ಕೊನೆಯ ಕೊಸರಾಟ ಆಡಿತು. ಪುಸ್ತಕ ಏನಾದರೂ ಹೇಳಲಿ, ಹನಿ ನೇರಳೆಯಾಗಿತ್ತಲ್ಲ? ಹಳೆಯ ಪೆಟ್ಟಿಗೆಯಲ್ಲಿ ದಪ್ಪ ಕಾಗದದ ಅರ್ಧ ಕಟ್ಟು ಉಳಿದಿತ್ತು, ಹೈಪೋ ಒಂದು ಡಬ್ಬಿಯಲ್ಲಿತ್ತು. ನೇರಳೆ ಪುಡಿ ಕೊಂಡು ತಂದೆ. ಮಧ್ಯಾಹ್ನ ಒಂದು ಕಾಗದವನ್ನು ಹೈಪೋದಲ್ಲಿ ನೆನೆಸಿ, ಸೊಸೆಯ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಅದ್ದಿ, ನಲ್ಲಿ ಬಿಟ್ಟು ಕೂತೆ. ಒಂದು ಗಂಟೆ ಐದು ನಿಮಿಷಕ್ಕೆ ಎತ್ತಿ, ತೊಟ್ಟಿಕ್ಕುವ ನೀರಿಗೆ ಹನಿ ಬಿಟ್ಟೆ. ನೇರಳೆ. ಅದೇ ಕಾಗದವನ್ನು ನಿಂತ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಆ ನೀರಿಗೆ ಹನಿ ಬಿಟ್ಟೆ. ಕಣ್ಣೆದುರೇ ಕಂದಾಯಿತು. ಮೇಲಿನದನ್ನು ನಲ್ಲಿ ತೊಳೆದಿತ್ತು, ಒಳಗಿನದು ಇನ್ನೂ ದಾರಿಯಲ್ಲಿತ್ತು. ಇನ್ನೊಂದು ಕಾಗದಕ್ಕೆ ಒಂದೂವರೆ ಗಂಟೆ, ಕಂದು. ಮೂರನೆಯದಕ್ಕೆ ಎರಡು ಗಂಟೆ. ನೇರಳೆ ಅಲುಗಲಿಲ್ಲ. ಆಕೆ ಹೇಳಿದ ಎರಡು ಗಂಟೆಯೇ ಸರಿಯಾಗಿತ್ತು. ಅಡಗಿಕೊಳ್ಳಲು ನನಗಿದ್ದ ಕೊನೆಯ ಮೂಲೆಯೂ ಹೋಯಿತು.

ಮರುದಿನ ಹುಡುಕಿಕೊಂಡು ಹೊರಟೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಆಕೆ ಮಗಳ ಜೊತೆ ಇದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಲೋಟ ತೊಳೆಯುತ್ತ ಕೂತಿದ್ದಳು. ನನ್ನನ್ನು ಕಂಡು ಸಂತೋಷಪಟ್ಟಳು. ಬನ್ನಿ ಅಣ್ಣಾ ಎಂದು ಕುರ್ಚಿ ಎಳೆದಳು. ನಾನು ಕೂರದೆ ನಿಂತೇ ಹೇಳಿದೆ. ಪುಸ್ತಕದ ವಿಷಯ ಮೊದಲು ಹೇಳಿದೆ, ಲೆಕ್ಕದ ವಿಷಯ ಹೇಳಿದೆ, ಸುತ್ತಿ ಬಳಸಿ ಕೊನೆಗೆ "ತುಂಬ್ತು" ಎಂದ ಮಾತಿಗೆ ಬಂದೆ.

ಆಕೆ ಲೋಟ ಕೆಳಗಿಟ್ಟಳು. "ಎಷ್ಟೊತ್ತಿಗೆ ಹಾಕಿದ್ರಿ?"

"ಹನ್ನೊಂದು ಹತ್ತಕ್ಕೆ."

"ಎತ್ತಿದ್ದು?"

"ಹನ್ನೆರಡೂ ಕಾಲಿಗೆ."

ಬೆರಳು ಮಡಿಸದೆ ಲೆಕ್ಕ ಹಾಕಿದಳು. ತುಟಿ ಮಾತ್ರ ಅಲುಗಿತು. ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ತಪ್ಪಾಯಿತು, ಕ್ಷಮಿಸು ತಾಯಿ ಎಂದು ನಾನು ಬಾಯಿ ತೆರೆದರೆ ಕೈ ಎತ್ತಿ ತಡೆದಳು.

"ನನಗೆ ಹೇಳಿದ್ದು ಸಾಕು. ಸಂಜೆ ಮಗಳು ಬರ್ತಾಳೆ, ಅವಳಿಗೆ ಹೇಳಿ. ಕೆಲಸ ಬಿಟ್ಟ ದಿನ ಮನೇಲಿ ಅಡುಗೆ ಮಾಡೋಕೂ ಕೈ ಏಳಲಿಲ್ಲ ನಂಗೆ. ಹಸಿವು ಅಂತ ಬಂದ ಮಗೂಗೆ ಅಂದ್ಬಿಟ್ಟೆ, ನಿನ್ನ ಮೊಣಕಾಲಿಂದಾನೇ ನನ್ನ ಹೆಸರು ಹೋಯ್ತು ಅಂತ. ಆಗ ಹನ್ನೊಂದು ವರ್ಷ ಅವಳಿಗೆ. ಮತ್ತೆ ಒಂದಿನಾನೂ ಅಂದಿಲ್ಲ ಅಣ್ಣಾ. ಆದ್ರೆ ಅವತ್ತಿಂದ ಅವಳು ಜ್ವರ ಬಂದ್ರೂ ನನ್ನ ಕೆಲಸದ ಹೊತ್ತಲ್ಲಿ ಕರೆದಿಲ್ಲ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬರಲು ಆರು ಗಂಟೆಯಾಗುತ್ತಿತ್ತು. ಆಗ ಮೂರೂವರೆ. ಆಕೆ ಹೋಗಿ ಬನ್ನಿ ಎನ್ನಲಿಲ್ಲ, ಕುಡಿಯಲು ಏನು ಬೇಕು ಎಂದೂ ಕೇಳಲಿಲ್ಲ. ಎದುರು ಗೋಡೆಗೊರಗಿ ಕಣ್ಣು ಮುಚ್ಚಿ ಕೂತಳು. ಎರಡೂವರೆ ಗಂಟೆ ನಾನು ಆ ಕುರ್ಚಿಯಲ್ಲಿ ಕೂತೆ. ಮಗಳಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತ ಹೋದೆ. ಪ್ರತಿ ಸಲವೂ ನನ್ನ ಲೆಕ್ಕ, ನನ್ನ ಪುಸ್ತಕ, ನನ್ನ ಪರೀಕ್ಷೆಯಿಂದ ಶುರುವಾಗುತ್ತಿತ್ತು. ಒಂದೊಂದನ್ನೇ ಕಿತ್ತು ಹಾಕಿದೆ.

ಮಗಳು ಬಂದಳು. ಚಪ್ಪಲಿ ಬಿಡುತ್ತ, ಅಮ್ಮಾ, ಇವತ್ತಾದರೂ ಲೋಟ ಮುಗೀತಾ ಎಂದು ತಮಾಷೆ ಮಾಡಿದಳು. ಆಮೇಲೆ ನನ್ನನ್ನು ನೋಡಿದಳು. ಅಮ್ಮನ ಮುಖ ನೋಡಿದಳು. ನಾನು ಎದ್ದು ನಿಂತೆ.

"ಗಿರಣಿ ಫೋಟೋ ಕೆಡಿಸಿದ್ದು ನಾನು ಕಣಮ್ಮಾ. ಹೊತ್ತು ತುಂಬಿರಲಿಲ್ಲ. ನಿಮ್ಮಮ್ಮ ಕೇಳಿದಾಗ ತುಂಬಿದೆ ಅಂತ ಸುಳ್ಳು ಹೇಳಿದೆ. ನೀನು ಬಿದ್ದದ್ದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ."

ಮಗಳು ಬ್ಯಾಗನ್ನು ಕೆಳಗಿಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. "ಯಜಮಾನರು ಅಮ್ಮನ್ನ ಕೇಳಿದ ದಿನ ನೀವು ಎಲ್ಲಿದ್ರಿ?"

"ಪರದೆ ಹಿಂದೆ."

ತಲೆಯಾಡಿಸಿದಳು. ಮೊದಲೇ ಗೊತ್ತಿದ್ದ ಊರಿನ ದಾರಿಯನ್ನು ಯಾರೋ ಹೇಳಿದಾಗ ಆಡಿಸುವ ಹಾಗೆ. ಗೋಡೆಯ ಹತ್ತಿರ ಗಡಿಯಾರಮ್ಮ ಮಗಳ ಕಡೆ ಕೈ ಚಾಚಿ, ನಾನು ಅವತ್ತು ನಿನಗೆ ಅಂದದ್ದು ಎಂದು ಶುರು ಮಾಡಿದಳು. ಅದು ಮುಗಿಯುವ ಮೊದಲೇ ಮಗಳು ಬ್ಯಾಗಿನ ಸಮೇತ ನೆಲದ ಮೇಲೆ ಅಮ್ಮನ ಪಕ್ಕ ಕೂತಳು.

ನಾನು ಮೆಟ್ಟಿಲಿಳಿಯುವಾಗ ಮಗಳು ಬಾಗಿಲವರೆಗೆ ಬಂದಳು. ಸಿಟ್ಟಿನ ದನಿಯಿರಲಿಲ್ಲ. "ಮತ್ತೆ ಬನ್ನಿ ಅಂತ ನಾನು ಹೇಳಲ್ಲ. ಅಮ್ಮ ಹೇಳಿಕಳಿಸಿದ್ರೆ ಬನ್ನಿ" ಎಂದಳು.

ಇದಾಗಿ ಏಳು ತಿಂಗಳು. ಇನ್ನೂ ಹೇಳಿಕಳಿಸಿಲ್ಲ.